ಐದು ಲೀಟರ್ ಪೆಟ್ಟಿಗೆಯ ಸ್ಪೀಕರ್: ಮನೆಯಲ್ಲೇ ಒಂದು ಹೈ-ಫೈ ಜೋಡಿ ಕಟ್ಟೋಣ

ನಾನು ಕಟ್ಟಿದ ಮೊದಲ ಜೋಡಿ ಸ್ಪೀಕರ್‌ನಲ್ಲಿ ಮೃದಂಗ ಚೆನ್ನಾಗಿಯೇ ಕೇಳುತ್ತಿತ್ತು. ಹಾಡುವವರ ದನಿಯೂ ಸ್ಪಷ್ಟವಾಗಿತ್ತು. ಆದರೆ ತಂಬೂರಿ ಮಾತ್ರ ಇರಲೇ ಇಲ್ಲ. ಹಿಂದೆ ಎಲ್ಲೋ ಫ್ಯಾನ್ ತಿರುಗಿದ ಹಾಗೆ ಒಂದು ಮಸುಕು ಸದ್ದು, ಅಷ್ಟೇ. ಕೆಳಗಿನ ಸ್ವರಗಳನ್ನು ಹಾಡುವ ವೂಫರ್ ಒಳ್ಳೆಯದೇ ಆಗಿತ್ತು, ಮೇಲಿನ ಸ್ವರಗಳ ಪುಟ್ಟ ಟ್ವೀಟರೂ ಒಳ್ಳೆಯದೇ. ಇನ್ನೂ ದುಬಾರಿ ಟ್ವೀಟರ್ ತರಬೇಕೇನೋ ಅಂತ ತಿಂಗಳುಗಟ್ಟಲೆ ಯೋಚಿಸಿದೆ. ಕೊನೆಗೆ ಅಂಗಡಿಯಿಂದ ತಂದು ಹಾಕಿದ್ದ ರೆಡಿಮೇಡ್ ಕ್ರಾಸ್‌ಓವರ್ ಬೋರ್ಡನ್ನು, ಅಂದರೆ ಸ್ವರಗಳನ್ನು ಇವೆರಡಕ್ಕೂ ಹಂಚಿಕೊಡುವ ಸರ್ಕ್ಯೂಟನ್ನು, ಕಿತ್ತೆ. ಆ ಡ್ರೈವರ್‌ಗಳಿಗೆ (ವೂಫರ್, ಟ್ವೀಟರ್ ಎರಡಕ್ಕೂ ಹೀಗೇ ಅನ್ನುತ್ತಾರೆ) ಹೊಂದುವ ಹಾಗೆ ಕೈಯಾರೆ ಒಂದನ್ನು ಮಾಡಿ ಹಾಕಿದೆ. ಅದೇ ಪೆಟ್ಟಿಗೆ, ಅದೇ ಡ್ರೈವರ್. ತಂಬೂರಿಯ ಝೇಂಕಾರ ಮೊದಲ ಸಲ ಕೋಣೆ ತುಂಬಿತು.

ಅವತ್ತಿನಿಂದ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಡ್ರೈವರನ್ನು ದುಡ್ಡು ಕೊಟ್ಟು ತರಬಹುದು, ಸದ್ದನ್ನು ಮಾತ್ರ ಪೆಟ್ಟಿಗೆಯಲ್ಲಿ ಮತ್ತು ಕ್ರಾಸ್‌ಓವರ್‌ನಲ್ಲಿ ನಾವೇ ಮಾಡಬೇಕು. ಈ ಬರಹದಲ್ಲಿ ಒಂದು ಪುಟ್ಟ ಜೋಡಿಯನ್ನು ಅಳತೆ ಸಮೇತ ಕಟ್ಟುತ್ತಾ ಹೋಗೋಣ. ಐದು ಇಂಚಿನ ಒಂದು ವೂಫರ್, ಒಂದು ಇಂಚಿನ ಒಂದು ಡೋಮ್ ಟ್ವೀಟರ್, ಎಲ್ಲ ಕಡೆ ಮುಚ್ಚಿದ ಐದು ಲೀಟರ್ ಹತ್ತಿರದ ಪೆಟ್ಟಿಗೆ.

ಮುಚ್ಚಿದ ಪೆಟ್ಟಿಗೆಯೇ ಏಕೆ?

ಅಂಗಡಿಯಲ್ಲಿ ನೋಡುವ ಹೆಚ್ಚಿನ ಸ್ಪೀಕರ್‌ಗಳಲ್ಲಿ ಹಿಂದೆಯೋ ಮುಂದೆಯೋ ಒಂದು ಕೊಳವೆ ಇರುತ್ತದೆ. ಅದನ್ನು ಪೋರ್ಟ್ ಅನ್ನುತ್ತಾರೆ. ಅದರಿಂದ ಸ್ವಲ್ಪ ಜಾಸ್ತಿ ಬೇಸ್ ಸಿಗುತ್ತದೆ ನಿಜ. ಆದರೆ ಕೊಳವೆಯ ಉದ್ದ ಒಂದೆರಡು ಸೆಂಟಿಮೀಟರ್ ತಪ್ಪಿದರೂ, ಡ್ರೈವರ್‌ನ ಲೆಕ್ಕ ಕಾಗದದಲ್ಲಿ ಇರುವುದಕ್ಕಿಂತ ಸ್ವಲ್ಪ ಬೇರೆ ಇದ್ದರೂ ಬೇಸ್ ಗುಂಯ್ ಅನ್ನತೊಡಗುತ್ತದೆ. ಮುಚ್ಚಿದ ಪೆಟ್ಟಿಗೆ ಹಾಗಲ್ಲ. ಅರ್ಧ ಲೀಟರ್ ಹೆಚ್ಚುಕಡಿಮೆ ಆದರೂ ಸದ್ದು ಕೆಡುವುದಿಲ್ಲ. ಮೊದಲ ಸಲ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ.

ಇದು ಹೊಸ ಉಪಾಯವೇನೂ ಅಲ್ಲ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಎಂಬ ಸ್ಪೀಕರ್ ತಂದಾಗ ಇದನ್ನೇ ತೋರಿಸಿದರು. ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಗಾಳಿಯೇ ಕೋನ್‌ಗೆ, ಅಂದರೆ ವೂಫರ್‌ನ ಕುಣಿಯುವ ಬಟ್ಟಲಿಗೆ, ಸ್ಪ್ರಿಂಗ್ ಆಗುತ್ತದೆ. ಅಲ್ಲಿಯ ತನಕ ಒಳ್ಳೆಯ ಬೇಸ್ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಇನ್ನು ಬ್ರಿಟನ್ನಿನ ಬಿಬಿಸಿ ಎಂಜಿನಿಯರ್‌ಗಳು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನ್‌ಗಳಿಗಾಗಿ ಎಲ್ಎಸ್3/5ಎ ಎಂಬ ಸ್ಪೀಕರ್ ಮಾಡಿದರು. ಅದೂ ಸುಮಾರು ಐದು ಲೀಟರ್‌ನ, ಮುಚ್ಚಿದ, ಪ್ಲೈವುಡ್ ಪೆಟ್ಟಿಗೆಯೇ. ಮನುಷ್ಯರ ದನಿ ಸಹಜವಾಗಿ ಕೇಳಬೇಕು ಅನ್ನುವುದೇ ಅವರ ಮೊದಲ ಗುರಿಯಾಗಿತ್ತು. ಇಂದಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ನಾವು ಕಟ್ಟುವುದು ಅದರ ನಕಲಲ್ಲ. ಆದರೆ ಆ ಗಾತ್ರದಲ್ಲಿ ಏನು ಸಾಧ್ಯ ಅನ್ನುವುದಕ್ಕೆ ಅದು ಸಾಕ್ಷಿ.

ಡ್ರೈವರ್ ಆರಿಸುವುದು

ಡಬ್ಬಿಯ ಮೇಲಿನ ವಾಟ್ ನೋಡಬೇಡಿ. ಹಿಂದೆ ಟೇಪ್‌ರೆಕಾರ್ಡರ್‌ಗಳ ಮೇಲೆ ದೊಡ್ಡದಾಗಿ ಬರೆಯುತ್ತಿದ್ದ ಪಿಎಂಪಿಒ ಸಂಖ್ಯೆ ನೆನಪಿದೆ ಅಲ್ವಾ? ಅದರಿಂದ ಸದ್ದಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ನಿಮಗೆ ಬೇಕಾದದ್ದು ಡೇಟಾಶೀಟ್, ಅಂದರೆ ತಯಾರಕರು ಕೊಡುವ ಅಳತೆಗಳ ಪಟ್ಟಿ. ಅದು ಸಿಗದ ಡ್ರೈವರನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಮೊದಲ ಕೆಲಸಕ್ಕೆ ತರಬೇಡಿ.

ಡೇಟಾಶೀಟಿನಲ್ಲಿ ಹತ್ತಾರು ಸಂಖ್ಯೆ ಇರುತ್ತವೆ. ಪೆಟ್ಟಿಗೆಗೆ ಮೂರು ಸಾಕು. ಎಫ್ಎಸ್ ಅಂದರೆ ಪೆಟ್ಟಿಗೆ ಇಲ್ಲದೆ ಸುಮ್ನೆ ಹಿಡಿದಾಗ ಕೋನ್ ತಾನಾಗಿ ಕುಣಿಯುವ ಆವರ್ತನ. ವಿಎಎಸ್ ಅಂದರೆ ಕೋನನ್ನು ಸುತ್ತಲೂ ಹಿಡಿದಿರುವ ಪಟ್ಟಿ ಎಷ್ಟು ಮೆತ್ತಗಿದೆ ಅನ್ನುವುದನ್ನು ಲೀಟರ್ ಲೆಕ್ಕದಲ್ಲಿ ಹೇಳುವ ಅಳತೆ. ಕ್ಯೂಟಿಎಸ್ ಅಂದರೆ ಕುಣಿಯಲು ಶುರುವಾದ ಕೋನನ್ನು ಎಷ್ಟು ಬೇಗ ಹಿಡಿದು ನಿಲ್ಲಿಸಲಾಗುತ್ತದೆ ಅನ್ನುವುದು. ಈ ಸಂಖ್ಯೆಗಳಿಂದ ಪೆಟ್ಟಿಗೆ ಲೆಕ್ಕ ಹಾಕುವ ದಾರಿಯನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ತೋರಿಸಿದರು. ಸಿಡ್ನಿಯಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದರು. ಅದಕ್ಕೆ ಮುಂಚೆ ಪೆಟ್ಟಿಗೆಯ ಗಾತ್ರ ಬಹುಪಾಲು ಅಂದಾಜಿನ ಮೇಲೆಯೇ ನಡೆಯುತ್ತಿತ್ತು.

ಐದು ಇಂಚಿನ ವೂಫರ್‌ನಲ್ಲಿ ಕ್ಯೂಟಿಎಸ್ 0.35ರಿಂದ 0.5ರ ನಡುವೆ, ಎಫ್ಎಸ್ 60 ಹರ್ಟ್ಸ್‌ಗಿಂತ ಕಡಿಮೆ ಇರುವುದನ್ನು ಹುಡುಕಿ. ಟ್ವೀಟರ್‌ನಲ್ಲಿ ಎಫ್ಎಸ್ 1400 ಹರ್ಟ್ಸ್‌ಗಿಂತ ಕೆಳಗೆ ಇರಲಿ. ನಾವು 2800 ಹರ್ಟ್ಸ್ ಹತ್ತಿರ ಎರಡನ್ನೂ ಜೋಡಿಸುತ್ತೇವೆ. ಟ್ವೀಟರ್‌ನ ಸ್ವಂತ ಕುಣಿತ ಅದರ ಅರ್ಧಕ್ಕಿಂತ ಕೆಳಗೆ ಇದ್ದರೆ ಮಾತ್ರ ಅದು ಆರಾಮಾಗಿ ಹಾಡುತ್ತದೆ. ರೇಷ್ಮೆ ಡೋಮ್ ಸಾಕು. ಲೋಹದ ಡೋಮ್ ಕೆಟ್ಟದ್ದಲ್ಲ, ಆದರೆ ಅದನ್ನು ಪಳಗಿಸುವುದಕ್ಕೆ ಅನುಭವ ಬೇಕು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಟರ್ಮಿನಲ್, ರೆಸಿಸ್ಟರ್, ವೈರು, ಸೋಲ್ಡರ್ ಎಲ್ಲ ಸಿಗುತ್ತವೆ. ಡ್ರೈವರ್‌ಗಳಲ್ಲಿ ಮಾತ್ರ ಹೆಚ್ಚಾಗಿ ಕಾರಿಗೆ ಮತ್ತು ಸಭೆ ಸಮಾರಂಭಕ್ಕೆ ಆಗುವಂಥವೇ ಕಾಣುತ್ತವೆ. ಹೈ-ಫೈ ಡ್ರೈವರನ್ನು ಡೇಟಾಶೀಟ್ ನೋಡಿ ಆನ್‌ಲೈನ್‌ನಲ್ಲಿ ತರಿಸುವುದೇ ಸುಲಭ.

ಪೆಟ್ಟಿಗೆಯ ಲೆಕ್ಕ

ಉದಾಹರಣೆಗೆ ನಿಮ್ಮ ವೂಫರ್‌ನ ಎಫ್ಎಸ್ 52 ಹರ್ಟ್ಸ್, ಕ್ಯೂಟಿಎಸ್ 0.40, ವಿಎಎಸ್ 9 ಲೀಟರ್ ಅಂತ ಇಟ್ಟುಕೊಳ್ಳಿ. ವಿಎಎಸ್ ಅನ್ನು ಪೆಟ್ಟಿಗೆಯ ಲೀಟರ್‌ನಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆಯಿರಿ. ಪೆಟ್ಟಿಗೆ 4.5 ಲೀಟರ್ ಆದರೆ 9ನ್ನು 4.5ರಿಂದ ಭಾಗಿಸಿದರೆ 2, ಒಂದು ಕೂಡಿಸಿದರೆ 3, ವರ್ಗಮೂಲ 1.73. ಇದರಿಂದ ಕ್ಯೂಟಿಎಸ್ ಅನ್ನು ಗುಣಿಸಿದರೆ 0.69. ಎಫ್ಎಸ್ ಅನ್ನು ಗುಣಿಸಿದರೆ 90 ಹರ್ಟ್ಸ್.

ಮೊದಲನೆಯ ಉತ್ತರ 0.7ರ ಆಸುಪಾಸಿನಲ್ಲಿ ಇದ್ದರೆ ಬೇಸ್ ಸಮತಟ್ಟಾಗಿ ಇಳಿಯುತ್ತದೆ. ಅದೇ ವೂಫರನ್ನು 3 ಲೀಟರ್‌ಗೆ ತುರುಕಿದರೆ ಈ ಸಂಖ್ಯೆ 0.8ಕ್ಕೆ ಏರುತ್ತದೆ, ಎರಡನೆಯದು 104 ಹರ್ಟ್ಸ್ ಆಗುತ್ತದೆ. 0.8 ಕೂಡ ಕೆಟ್ಟದ್ದಲ್ಲ, ಕೆಲವರಿಗೆ ಆ ತುಂಬು ಬೇಸ್ ಇಷ್ಟ. ಒಂದು ದಾಟಿದರೆ ಮಾತ್ರ ಎಲ್ಲ ಹಾಡಿನಲ್ಲೂ ಒಂದೇ ಡೋಲು ಬಾರಿಸಿದ ಹಾಗೆ ಕೇಳುತ್ತದೆ.

ಇಲ್ಲಿ ಅನೇಕರು ಮರೆಯುವ ಒಂದು ವಿಷಯ ಇದೆ. ಕ್ರಾಸ್‌ಓವರ್‌ನಲ್ಲಿ ವೂಫರ್‌ಗೆ ಹಾಕುವ ಕಾಯಿಲ್‌ಗೂ (ತಂತಿಯ ಸುರುಳಿ) ಅರ್ಧ ಓಮ್‌ನಷ್ಟು ತಡೆ ಇರುತ್ತದೆ. ಅದು ವೂಫರ್‌ನ ಕ್ಯೂಟಿಎಸ್ ಅನ್ನು ಸ್ವಲ್ಪ ಏರಿಸುತ್ತದೆ. 0.69 ಅಂತ ಲೆಕ್ಕ ಹಾಕಿದ್ದು ನಿಜದಲ್ಲಿ 0.75ರ ಹತ್ತಿರ ಬರುತ್ತದೆ. ಹಾಗಾಗಿ ಮೊದಲೇ ಸ್ವಲ್ಪ ಜಾಗ ಬಿಟ್ಟುಕೊಳ್ಳಿ.

90 ಹರ್ಟ್ಸ್‌ನಿಂದ ಬೇಸ್ ಇಳಿಯುತ್ತದೆ ಅಂದರೆ ಸಾಕಾಗುತ್ತದಾ ಅಂತ ಕೇಳುತ್ತೀರಿ. ಹತ್ತು ಅಡಿ ಹನ್ನೆರಡು ಅಡಿ ಕೋಣೆಯಲ್ಲಿ, ಗೋಡೆಯಿಂದ ಒಂದಡಿ ದೂರದಲ್ಲಿ ಇಟ್ಟರೆ, ವೀಣೆ, ಮೃದಂಗ, ಹಾಡು, ಮಾತು ಎಲ್ಲಕ್ಕೂ ಸಾಕು. ಸಿನಿಮಾದ ಸ್ಫೋಟಕ್ಕೆ ಸಾಲದು. ಅದು ಬೇಕಾದರೆ ಮುಂದೆ ಒಂದು ಸಬ್‌ವೂಫರ್ ಸೇರಿಸಬಹುದು. ಮುಚ್ಚಿದ ಪೆಟ್ಟಿಗೆಯ ಜೊತೆ ಸಬ್‌ವೂಫರ್ ಬಹಳ ಸಲೀಸಾಗಿ ಹೊಂದುತ್ತದೆ.

ಈ ಲೆಕ್ಕವನ್ನೆಲ್ಲ ಮಾಡಿಕೊಡುವ ವಿನ್‌ಐಎಸ್‌ಡಿ ಎಂಬ ಉಚಿತ ತಂತ್ರಾಂಶ ಇದೆ. ಆದರೂ ಒಮ್ಮೆ ಕೈಯಲ್ಲಿ ಮಾಡಿ ನೋಡಿ. ಆಮೇಲೆ ಪರದೆಯ ಮೇಲಿನ ಗೆರೆ ಯಾಕೆ ಹಾಗೆ ಬಾಗಿತು ಅನ್ನುವುದು ತಿಳಿಯುತ್ತದೆ.

ಹಲಗೆ ಕತ್ತರಿಸುವುದು

18 ಮಿ.ಮೀ. ಪ್ಲೈವುಡ್ ತೆಗೆದುಕೊಳ್ಳಿ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಕತ್ತರಿಸಲು ಸುಲಭ, ಅಂಚು ನುಣುಪಾಗಿ ಬರುತ್ತದೆ. ಆದರೆ ಮಲೆನಾಡು, ಕರಾವಳಿಯ ಕಡೆ ಇರುವವರು ಅದನ್ನು ಬಿಡುವುದೇ ಒಳ್ಳೆಯದು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ಪ್ಲೈ ಮೇಲೆ ಐಎಸ್ 710 ಅಂತ ಮುದ್ರೆ ಇದ್ದರೆ ಅದು ನೀರು ತಾಳುವ ಮರೈನ್ ದರ್ಜೆ. ಐಎಸ್ 303 ಸಾಮಾನ್ಯ ಬಳಕೆಯದು, ಒಣ ಊರುಗಳಲ್ಲಿ ಅದೂ ಸಾಕು. ಅಂಚನ್ನು ನೋಡಿ. ಪದರಗಳ ನಡುವೆ ತೂತು ಕಂಡರೆ ಬೇಡ, ಆ ಟೊಳ್ಳು ಮುಂದೆ ಕಿರಿಕಿರಿ ಸದ್ದು ಮಾಡುತ್ತದೆ.

ಹೊರಗಿನ ಅಳತೆ 17 ಸೆಂ.ಮೀ. ಅಗಲ, 28 ಸೆಂ.ಮೀ. ಎತ್ತರ, 19.8 ಸೆಂ.ಮೀ. ಆಳ. ಒಂದು ಪೆಟ್ಟಿಗೆಗೆ ಬೇಕಾದ ತುಂಡುಗಳು ಇವು:

- ಮುಂದಿನ ಮತ್ತು ಹಿಂದಿನ ಹಲಗೆ: 17 × 28 ಸೆಂ.ಮೀ., ಎರಡು
- ಪಕ್ಕದ ಹಲಗೆ: 16.2 × 28 ಸೆಂ.ಮೀ., ಎರಡು
- ಮೇಲಿನ ಮತ್ತು ಕೆಳಗಿನ ಹಲಗೆ: 13.4 × 16.2 ಸೆಂ.ಮೀ., ಎರಡು

ಒಳಗೆ 13.4 × 24.4 × 16.2 ಸೆಂ.ಮೀ. ಉಳಿಯುತ್ತದೆ, ಅಂದರೆ ಸುಮಾರು 5.3 ಲೀಟರ್. ವೂಫರ್, ಅಡ್ಡಪಟ್ಟಿ, ಕ್ರಾಸ್‌ಓವರ್ ಸೇರಿ ಮುಕ್ಕಾಲು ಲೀಟರ್ ತಿನ್ನುತ್ತವೆ. ನಮಗೆ ಬೇಕಾದ 4.5 ಲೀಟರ್ ಉಳಿಯಿತು. ಒಳಗಿನ ಮೂರೂ ಅಳತೆ ಬೇರೆ ಬೇರೆ ಇರುವುದನ್ನು ಗಮನಿಸಿ. ಎರಡು ಅಳತೆ ಒಂದೇ ಆದರೆ ಒಳಗಿನ ಗಾಳಿ ಒಂದೇ ಸ್ವರದಲ್ಲಿ ಎರಡು ಪಟ್ಟು ಅನುರಣಿಸುತ್ತದೆ. ಘನಾಕಾರದ ಪೆಟ್ಟಿಗೆ ನೋಡಲು ಚೆಂದ, ಕೇಳಲು ಅಲ್ಲ.

ಜೋಡಿಗೆ ಒಟ್ಟು ಹನ್ನೆರಡು ತುಂಡು, ಐದು ಚದರ ಅಡಿ ಹಲಗೆ. ಇಡೀ ಶೀಟ್ ಕೊಳ್ಳುವ ಅಗತ್ಯವೇ ಇಲ್ಲ. ಯಾವುದಾದರೂ ಮನೆಯ ಒಳಾಂಗಣ ಕೆಲಸ ನಡೆಯುತ್ತಿದ್ದರೆ ಅಲ್ಲಿನ ಕಾರ್ಪೆಂಟರ್ ಹತ್ತಿರ ಉಳಿದ ತುಂಡು ಕೇಳಿ. ಟೇಬಲ್ ಗರಗಸ ಇರುವ ಕಡೆಯೇ ಕತ್ತರಿಸಿ ಕೊಡಲು ಹೇಳಿ. ಕೈಗರಗಸದಲ್ಲಿ ಕತ್ತರಿಸಿದರೆ ಮೂಲೆ ಕೂಡುವುದಿಲ್ಲ. ಒಂದು ಎಚ್ಚರಿಕೆ: 18 ಮಿ.ಮೀ. ಅಂತ ಕೊಟ್ಟ ಪ್ಲೈ ಎಷ್ಟೋ ಸಲ 17 ಚಿಲ್ಲರೆ ಇರುತ್ತದೆ. ಮೊದಲು ದಪ್ಪ ಅಳೆದು, ಆಮೇಲೆ ಮೇಲಿನ ಅಳತೆಗಳನ್ನು ತಿದ್ದಿಕೊಳ್ಳಿ.

ಮುಂದಿನ ಹಲಗೆಯಲ್ಲಿ ಟ್ವೀಟರ್‌ನ ನಡುಬಿಂದು ಮೇಲಿನಿಂದ 6.5 ಸೆಂ.ಮೀ.ಗೆ, ವೂಫರ್‌ನ ನಡುಬಿಂದು 18.5 ಸೆಂ.ಮೀ.ಗೆ ಬರಲಿ. ಇದು 10 ಸೆಂ.ಮೀ. ಮುಖದ ಟ್ವೀಟರ್, 13 ಸೆಂ.ಮೀ. ಚೌಕಟ್ಟಿನ ವೂಫರ್‌ಗೆ ಹೊಂದುವ ಲೆಕ್ಕ. ಎರಡರ ನಡುವೆ 12 ಸೆಂ.ಮೀ. ಆಯಿತು. 2800 ಹರ್ಟ್ಸ್ ಸದ್ದಿನ ಅಲೆಯ ಉದ್ದ ಸುಮಾರು 12.3 ಸೆಂ.ಮೀ. ದೂರ ಅದಕ್ಕಿಂತ ಕಡಿಮೆ ಇದ್ದರೆ ಕಿವಿಗೆ ಎರಡೂ ಒಂದೇ ಬಾಯಿಂದ ಬಂದ ಹಾಗೆ ಕೇಳುತ್ತದೆ.

ತೂತು ಕೊರೆಯಲು ರೂಟರ್ ಇದ್ದರೆ ಚೆನ್ನ, ಇಲ್ಲದಿದ್ದರೆ ಜಿಗ್‌ಸಾ ಸಾಕು. ವೂಫರ್ ತೂತಿನ ಒಳಬದಿಯ ಅಂಚನ್ನು 45 ಡಿಗ್ರಿ ಓರೆಯಾಗಿ ಅರ ಹಾಕಿ ಸವೆಸಿ. ಇದನ್ನು ಬಿಡಬೇಡಿ. 18 ಮಿ.ಮೀ. ದಪ್ಪದ ತೂತು ಐದು ಇಂಚಿನ ಕೋನ್‌ನ ಬೆನ್ನಿಗೆ ಒಂದು ಸುರಂಗದ ಹಾಗೆ ಆಗಿ ಉಸಿರು ಕಟ್ಟಿಸುತ್ತದೆ. ಸ್ಕ್ರೂ ಬರುವ ಕಡೆ ಮಾತ್ರ ಮರ ಪೂರ್ತಿ ಇರಲಿ.

ಅಂಟಿಸುವುದು, ಬಿಗಿ ಮಾಡುವುದು

ಫೆವಿಕಾಲ್ ಧಾರಾಳವಾಗಿ ಹಚ್ಚಿ, ಕ್ಲಾಂಪ್ ಹಾಕಿ, ಒಂದು ರಾತ್ರಿ ಬಿಡಿ. ಕ್ಲಾಂಪ್ ಇಲ್ಲದವರು ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಸುತ್ತಲೂ ಎಳೆದು ಕಟ್ಟಬಹುದು. ನಾನು ಈಗಲೂ ಹಾಗೇ ಮಾಡುತ್ತೇನೆ, ಒತ್ತಡ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಮುಂದಿನ ಮತ್ತು ಹಿಂದಿನ ಹಲಗೆ ಬಿಟ್ಟು ಉಳಿದ ನಾಲ್ಕನ್ನು ಮೊದಲು ಕೂಡಿಸಿ. ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ ಕರ್ಣ ಒಂದೇ ಬಂದರೆ ಚೌಕ ನೇರ ಇದೆ.

ಎರಡು ಪಕ್ಕದ ಹಲಗೆಗಳ ನಡುವೆ, ವೂಫರ್ ಮತ್ತು ಟ್ವೀಟರ್ ಮಧ್ಯದ ಎತ್ತರದಲ್ಲಿ, ಎರಡು ಬೆರಳು ಅಗಲದ ಒಂದು ಅಡ್ಡಪಟ್ಟಿ ಅಂಟಿಸಿ. ಸರಿಯಾಗಿ ನಡುವೆ ಬೇಡ, ಒಂದೆರಡು ಸೆಂಟಿಮೀಟರ್ ಆಚೀಚೆ ಇರಲಿ. ಆಮೇಲೆ ಬೆರಳಿನ ಗೆಣ್ಣಿನಿಂದ ಪಕ್ಕದ ಹಲಗೆಯನ್ನು ತಟ್ಟಿ ಕೇಳಿ. ಖಾಲಿ ಡಬ್ಬದ ಹಾಗೆ ಡೊಂಯ್ ಅನ್ನಬಾರದು, ತೆಂಗಿನ ಮರ ತಟ್ಟಿದ ಹಾಗೆ ಟಕ್ ಅನ್ನಬೇಕು. ಇನ್ನೂ ಡೊಂಯ್ ಅಂದರೆ ಕಾರಿನ ಬಾಗಿಲಿಗೆ ಅಂಟಿಸುವ ಬಿಟುಮೆನ್ ಹಾಳೆಯನ್ನು ಒಳಗೆ ಅಂಟಿಸಿ. ಬಿಬಿಸಿಯವರ ದಾರಿಯೂ ಇದೇ ಆಗಿತ್ತು. ತೆಳು ಪ್ಲೈ ಹಾಕಿ, ಅದರ ಕಂಪನವನ್ನು ಇಂಥ ಪದರದಿಂದ ಅಡಗಿಸುತ್ತಿದ್ದರು.

ಗಾಳಿ ಸೋರಬಾರದು. ಅಂಟು ಒಣಗಿದ ಮೇಲೆ ಮರದ ಹೊಟ್ಟನ್ನು ಫೆವಿಕಾಲ್‌ನಲ್ಲಿ ಕಲಸಿ ಒಳಗಿನ ಎಲ್ಲ ಮೂಲೆಗೂ ಬೆರಳಿನಿಂದ ಬಳಿಯಿರಿ. ಡ್ರೈವರ್ ಚೌಕಟ್ಟಿನ ಕೆಳಗೆ ಬಾಗಿಲಿಗೆ ಅಂಟಿಸುವ ತೆಳು ಸ್ಪಂಜಿನ ಪಟ್ಟಿ ಹಾಕಿ. ಹಿಂದಿನ ಟರ್ಮಿನಲ್‌ನ ಸುತ್ತ ಎಂ-ಸೀಲ್ ಮೆತ್ತಿ.

ಒಳಗೆ ತುಂಬಲು ದಿಂಬಿಗೆ ಹಾಕುವ ಪಾಲಿಯೆಸ್ಟರ್ ಹತ್ತಿ ಸರಿ. ಒಂದು ಪೆಟ್ಟಿಗೆಗೆ ಅರುವತ್ತು ಗ್ರಾಂ ಸಾಕು. ಚೆನ್ನಾಗಿ ಬಿಡಿಸಿ, ಹಗುರವಾಗಿ ತುಂಬಿ, ಒತ್ತಬೇಡಿ. ಗಿಡದ ಹತ್ತಿ ಬೇಡ, ತೇವ ಹಿಡಿದು ಗಂಟು ಕಟ್ಟುತ್ತದೆ.

ಕ್ರಾಸ್‌ಓವರ್: ಇಲ್ಲಿ ಅವಸರ ಬೇಡ

ಕ್ರಾಸ್‌ಓವರ್ ಮಾಡುವ ಕೆಲಸ ಸರಳ. ಕೆಳಗಿನ ಸ್ವರಗಳನ್ನು ವೂಫರ್‌ಗೆ, ಮೇಲಿನವನ್ನು ಟ್ವೀಟರ್‌ಗೆ ಕಳಿಸುತ್ತದೆ. ಕಷ್ಟ ಇರುವುದು ಇಬ್ಬರೂ ಸೇರುವ ಜಾಗದಲ್ಲಿ. 2000ದಿಂದ 4000 ಹರ್ಟ್ಸ್ ನಡುವೆ ನಮ್ಮ ಕಿವಿ ಬಹಳ ಚುರುಕು. 'ಸ', 'ಶ', 'ಚ' ಅಕ್ಷರಗಳ ಸ್ಪಷ್ಟತೆಗೂ, ತಂಬೂರಿಯ ಝೇಂಕಾರಕ್ಕೂ ಈ ಜಾಗ ಬಹಳ ಮುಖ್ಯ. ಇಲ್ಲಿ ಹಳ್ಳ ಬಿದ್ದರೆ ತಂಬೂರಿ ಮಾಯವಾಗುತ್ತದೆ, ನನ್ನ ಮೊದಲ ಜೋಡಿಯಲ್ಲಿ ಆದದ್ದು ಅದೇ.

ರೆಡಿಮೇಡ್ ಬೋರ್ಡ್ ಯಾಕೆ ಆಗುವುದಿಲ್ಲ? ಡ್ರೈವರ್ ಯಾವಾಗಲೂ ಸರಿಯಾಗಿ 8 ಓಮ್ ಇರುತ್ತದೆ ಅಂತ ಅದು ನಂಬಿಕೊಂಡಿರುತ್ತದೆ. ನಿಜವಾದ ವೂಫರ್ 8 ಓಮ್ ಅಂತ ಹೆಸರಿಟ್ಟುಕೊಂಡು ಒಂದು ಕಡೆ 6 ಓಮ್, ಇನ್ನೊಂದು ಕಡೆ 30 ಓಮ್ ಇರುತ್ತದೆ. ನಿಮ್ಮ ಟ್ವೀಟರ್ ಎಷ್ಟು ಜೋರು, ಪೆಟ್ಟಿಗೆ ಎಷ್ಟು ಅಗಲ ಅನ್ನುವುದೂ ಆ ಬೋರ್ಡಿಗೆ ಗೊತ್ತಿಲ್ಲ.

ನಾವು ಶುರು ಮಾಡುವುದು ಎರಡನೇ ದರ್ಜೆಯ ಲಿಂಕ್ವಿಟ್ಜ್-ರೈಲಿ ಫಿಲ್ಟರಿನಿಂದ (ದರ್ಜೆ ಏರಿದಷ್ಟೂ ಬೇಡದ ಸ್ವರ ಕಡಿದಾಗಿ ಇಳಿಯುತ್ತದೆ). ಸೀಗ್‌ಫ್ರೀಡ್ ಲಿಂಕ್ವಿಟ್ಜ್ 1976ರಲ್ಲಿ ಪ್ರಕಟಿಸಿದ ಬರಹದಿಂದ ಇದು ಹೆಸರಾಯಿತು. ರಸ್ ರೈಲಿ ಅವರ ಸಹೋದ್ಯೋಗಿ. ಅವರ ಮೂಲ ಬರಹದ ಮುಖ್ಯ ಮಾತು ನಾಲ್ಕನೇ ದರ್ಜೆಯ ಬಗ್ಗೆ, ಆದರೆ ಮನೆಯಲ್ಲಿ ಕಾಯಿಲ್ ಸುತ್ತುವವರಿಗೆ ಎರಡನೇ ದರ್ಜೆ ಸಾಕು. 8 ಓಮ್‌ಗೆ, 2800 ಹರ್ಟ್ಸ್‌ಗೆ ಲೆಕ್ಕ ಹಾಕಿದರೆ ಕಾಯಿಲ್ 0.91 ಮಿಲಿಹೆನ್ರಿ, ಕೆಪಾಸಿಟರ್ 3.55 ಮೈಕ್ರೋಫ್ಯಾರಡ್ ಬರುತ್ತದೆ. ವೂಫರ್‌ಗೆ ಕಾಯಿಲ್ ಸರಣಿಯಲ್ಲಿ, ಕೆಪಾಸಿಟರ್ ಅಡ್ಡಲಾಗಿ, ಅಂದರೆ ಅದರ ಪ್ಲಸ್ ಮೈನಸ್ ನಡುವೆ. ಟ್ವೀಟರ್‌ಗೆ ತಿರುಗುಮುರುಗು: ಕೆಪಾಸಿಟರ್ ಸರಣಿಯಲ್ಲಿ, ಕಾಯಿಲ್ ಅಡ್ಡಲಾಗಿ. ಈ ಫಿಲ್ಟರಿನಲ್ಲಿ ಟ್ವೀಟರ್‌ನ ಪ್ಲಸ್ ಮೈನಸ್ ಅದಲುಬದಲು ಮಾಡಿ ಕೂಡಿಸಬೇಕು, ಇಲ್ಲದಿದ್ದರೆ ಸೇರುವ ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ.

ಇದು ಪುಸ್ತಕದ ಲೆಕ್ಕ. ಈಗ ಮೂರು ತಿದ್ದುಪಡಿ.

ಮೊದಲನೆಯದು ವೂಫರ್‌ನ ಏರುವ ಓಮ್ ತಗ್ಗಿಸುವುದು. ಡೇಟಾಶೀಟಿನಲ್ಲಿ ಆರ್‌ಇ (ವೂಫರ್‌ನ ಒಳಗಿನ ಸುರುಳಿಯ ಡಿಸಿ ತಡೆ) 5.8 ಓಮ್, ಎಲ್‌ಇ (ಅದೇ ಸುರುಳಿಯ ಇಂಡಕ್ಟೆನ್ಸ್) 0.5 ಮಿಲಿಹೆನ್ರಿ ಇದ್ದರೆ, ಆರ್‌ಇಯ ಒಂದೂಕಾಲು ಪಟ್ಟು ಅಂದರೆ ಸುಮಾರು 7.2 ಓಮ್ ರೆಸಿಸ್ಟರ್, ಅದರ ಜೊತೆ ಸರಣಿಯಲ್ಲಿ 9.5 ಮೈಕ್ರೋಫ್ಯಾರಡ್. 7.5 ಮತ್ತು 10 ಹಾಕಿದರೂ ಆಯಿತು. ಈ ಜೋಡಿಯನ್ನು ವೂಫರ್‌ಗೆ ಅಡ್ಡಲಾಗಿ ಕೂಡಿಸಿ. ಇದನ್ನು ಝೋಬೆಲ್ ಅನ್ನುತ್ತಾರೆ.

ಎರಡನೆಯದು ಪೆಟ್ಟಿಗೆಯ ಅಗಲದ ವಿಷಯ. ಮೇಲಿನ ಸ್ವರಗಳಿಗೆ ಮುಂದಿನ ಹಲಗೆ ಗೋಡೆಯ ಹಾಗೆ, ಸದ್ದೆಲ್ಲ ನಿಮ್ಮ ಕಡೆಗೇ ಬರುತ್ತದೆ. ಕೆಳಗಿನ ಸ್ವರಗಳು ಹಲಗೆಯನ್ನು ಬಳಸಿಕೊಂಡು ಹಿಂದಕ್ಕೂ ಹೋಗುತ್ತವೆ. ಈ ಬದಲಾವಣೆಯ ನಡುಬಿಂದು ಸಿಗಲು 115ನ್ನು ಮೀಟರ್ ಲೆಕ್ಕದ ಅಗಲದಿಂದ ಭಾಗಿಸಿ. ನಮ್ಮ 0.17 ಮೀಟರ್‌ಗೆ ಅದು ಸುಮಾರು 676 ಹರ್ಟ್ಸ್. ಏನೂ ಮಾಡದಿದ್ದರೆ ಪುಟ್ಟ ಸ್ಪೀಕರ್ ತೆಳ್ಳಗೆ, ಮೂಗಿನಲ್ಲಿ ಮಾತಾಡಿದ ಹಾಗೆ ಕೇಳುತ್ತದೆ. ಪರಿಹಾರ ಸುಲಭ. ವೂಫರ್‌ನ ಕಾಯಿಲ್ ದೊಡ್ಡದು ಮಾಡಿ, 0.91 ಬದಲು 1.5 ಮಿಲಿಹೆನ್ರಿ. ಮಧ್ಯದ ಸ್ವರಗಳು ಸ್ವಲ್ಪ ತಗ್ಗಿ ಬೇಸ್‌ನ ಸಮಕ್ಕೆ ಬರುತ್ತವೆ. ಒಟ್ಟು ಜೋರು ಕಡಿಮೆಯಾಗುತ್ತದೆ, ಅದು ಒಪ್ಪಿಕೊಳ್ಳಬೇಕಾದ ಬೆಲೆ.

ಮೂರನೆಯದು ಟ್ವೀಟರ್ ತಗ್ಗಿಸುವುದು. ವೂಫರ್ 87 ಡೆಸಿಬೆಲ್ ಇದ್ದು, ಮೇಲಿನ ತಿದ್ದುಪಡಿಯಿಂದ 4 ಹೋದರೆ 83 ಉಳಿಯಿತು. ಟ್ವೀಟರ್ 89 ಇದ್ದರೆ 6 ಡೆಸಿಬೆಲ್ ಇಳಿಸಬೇಕು. 8 ಓಮ್ ಟ್ವೀಟರ್‌ಗೆ 4 ಓಮ್ ಸರಣಿಯಲ್ಲಿ, 8 ಓಮ್ ಅಡ್ಡಲಾಗಿ ಹಾಕಿದರೆ ಸರಿಯಾಗಿ ಅಷ್ಟೇ ಇಳಿಯುತ್ತದೆ. ಅಂಗಡಿಯಲ್ಲಿ 3.9 ಮತ್ತು 8.2 ಓಮ್ ಸಿಗುತ್ತವೆ. ಬಿಳಿ ಸಿಮೆಂಟ್ ರೆಸಿಸ್ಟರ್, 10 ವಾಟ್‌ನದು ತನ್ನಿ. ಇವು ಫಿಲ್ಟರ್ ಮತ್ತು ಟ್ವೀಟರ್ ನಡುವೆ ಬರಬೇಕು.

ಈಗ ಸಾಮಾನು. ಕೆಪಾಸಿಟರ್‌ಗೆ ನಮ್ಮಲ್ಲಿ ಒಂದು ಒಳ್ಳೆಯ ದಾರಿ ಇದೆ. ಸೀಲಿಂಗ್ ಫ್ಯಾನಿಗೆ ಹಾಕುವ ಕೆಪಾಸಿಟರ್ ಪಾಲಿಪ್ರೊಪಿಲೀನ್ ಫಿಲ್ಮ್‌ನದು. ಕ್ರಾಸ್‌ಓವರ್‌ಗೆ ಬೇಕಾದದ್ದೂ ಅದೇ ಜಾತಿ. 3.15 ಮೈಕ್ರೋಫ್ಯಾರಡ್‌ನ ಫ್ಯಾನ್ ಕೆಪಾಸಿಟರ್‌ಗೆ 0.47ರ ಒಂದು ಪುಟ್ಟ ಫಿಲ್ಮ್ ಕೆಪಾಸಿಟರ್ ಜೊತೆಗೂಡಿಸಿದರೆ 3.62 ಆಗುತ್ತದೆ. ಯಾವ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಪ್ಲಸ್ ಮೈನಸ್ ಗುರುತು ಇರುವ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಮಾತ್ರ ಎಂದೂ ಹಾಕಬೇಡಿ.

ಕಾಯಿಲ್ ನೀವೇ ಸುತ್ತಿ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಎನಾಮೆಲ್ ತಾಮ್ರದ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. 1 ಮಿ.ಮೀ. ದಪ್ಪದ್ದು ತನ್ನಿ. 3 ಸೆಂ.ಮೀ. ದಪ್ಪದ ಮರದ ಗೂಟಕ್ಕೆ 2 ಸೆಂ.ಮೀ. ಅಂತರದಲ್ಲಿ ಎರಡು ಬಿಲ್ಲೆ ಕೂಡಿಸಿ ಸುತ್ತಿದರೆ, 180 ಸುತ್ತಿಗೆ ಹತ್ತಿರ ಹತ್ತಿರ 1 ಮಿಲಿಹೆನ್ರಿ, 215 ಸುತ್ತಿಗೆ 1.5 ಮಿಲಿಹೆನ್ರಿ ಬರುತ್ತದೆ. ದೊಡ್ಡದಕ್ಕೆ ಸುಮಾರು 200 ಗ್ರಾಂ ತಂತಿ ಬೇಕು. ಹತ್ತು ಸುತ್ತು ಜಾಸ್ತಿಯೇ ಸುತ್ತಿ, ಮಿಲಿಹೆನ್ರಿ ಅಳೆಯುವ ಎಲ್‌ಸಿಆರ್ ಮೀಟರ್‌ನಲ್ಲಿ ನೋಡುತ್ತಾ ಬಿಚ್ಚುತ್ತಾ ಬನ್ನಿ. ಬೆಸುಗೆಗೆ ಮುಂಚೆ ತುದಿಯ ಎನಾಮೆಲ್ ಬ್ಲೇಡಿನಿಂದ ಪೂರ್ತಿ ಕೆರೆಯಿರಿ. ಬೋರ್ಡಿನ ಮೇಲೆ ಎರಡು ಕಾಯಿಲ್ ಒಂದರ ಪಕ್ಕ ಒಂದು ಒಂದೇ ದಿಕ್ಕಿಗೆ ಇಡಬೇಡಿ. ಒಂದು ಮಲಗಿರಲಿ, ಇನ್ನೊಂದು ನಿಂತಿರಲಿ, ಆದಷ್ಟು ದೂರ ಇರಲಿ. ಇಲ್ಲದಿದ್ದರೆ ಒಂದರ ಕಾಂತಕ್ಷೇತ್ರ ಇನ್ನೊಂದರಲ್ಲಿ ಸೇರಿ ಲೆಕ್ಕ ಕೆಡುತ್ತದೆ.

ಮೊದಲ ತಿಂಗಳು ಕ್ರಾಸ್‌ಓವರನ್ನು ಪೆಟ್ಟಿಗೆಯ ಹೊರಗೇ ಇಟ್ಟುಕೊಳ್ಳಿ. ಖಂಡಿತ ತಿದ್ದುತ್ತೀರಿ.

ಜೋಡಿಸುವುದು, ಅಳೆಯುವುದು

ಡ್ರೈವರ್ ಕೂರಿಸುವಾಗ ಕಾಂತದ ಬಗ್ಗೆ ಎಚ್ಚರ. ಸ್ಕ್ರೂಡ್ರೈವರನ್ನು ಅದು ಫಕ್ಕನೆ ಎಳೆದು ಕೋನ್ ತೂತು ಮಾಡುತ್ತದೆ. ಒಂದು ಕೈಯನ್ನು ಕೋನ್ ಮೇಲೆ ಅಡ್ಡ ಹಿಡಿದೇ ಇನ್ನೊಂದು ಕೈಯಿಂದ ಬಿಗಿ ಮಾಡಿ. ಸ್ಕ್ರೂ ತೂತುಗಳನ್ನು ಡ್ರೈವರ್ ಇಡುವ ಮುಂಚೆಯೇ ಕೊರೆದುಕೊಳ್ಳಿ.

ವೂಫರ್‌ನ ಪ್ಲಸ್ ಯಾವುದು ಅನ್ನುವ ಅನುಮಾನ ಇದ್ದರೆ 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ. ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಪ್ಲಸ್. ಟ್ವೀಟರ್‌ಗೆ ಈ ಪರೀಕ್ಷೆ ಮಾಡಬೇಡಿ. ಕೂರಿಸಿದ ಮೇಲೆ ವೂಫರನ್ನು ಮೆಲ್ಲಗೆ ಒಳಗೆ ಒತ್ತಿ ಬಿಡಿ. ನಿಧಾನವಾಗಿ ಎದ್ದು ಬಂದರೆ ಗಾಳಿ ಸೋರುತ್ತಿಲ್ಲ. ಆಂಪ್ಲಿಫೈಯರ್ ಹಾಕುವ ಮುಂಚೆ ಟರ್ಮಿನಲ್ ಎರಡಕ್ಕೂ ಮಲ್ಟಿಮೀಟರ್ ಹಿಡಿಯಿರಿ. 6 ಓಮ್ ಆಸುಪಾಸು ಬರಬೇಕು. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ.

ಆರ್‌ಇಡಬ್ಲ್ಯು ಎಂಬ ಉಚಿತ ತಂತ್ರಾಂಶ, ಒಂದು ಯುಎಸ್‌ಬಿ ಅಳತೆ ಮೈಕ್ ಇದ್ದರೆ ನಿಮ್ಮ ಕೆಲಸ ಕಣ್ಣಿಗೂ ಕಾಣುತ್ತದೆ. ಸ್ಪೀಕರನ್ನು ಕೋಣೆಯ ನಡುವೆ 1.2 ಮೀಟರ್ ಎತ್ತರಕ್ಕೆ ಇಟ್ಟು, ಮೈಕನ್ನು ಅಷ್ಟೇ ಎತ್ತರದಲ್ಲಿ ಒಂದು ಮೀಟರ್ ಮುಂದೆ ಇಡಿ. ನೆಲಕ್ಕೆ ಬಡಿದು ಬರುವ ಸದ್ದು ಸುಮಾರು 4.6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ತಂತ್ರಾಂಶಕ್ಕೆ ಅದಕ್ಕಿಂತ ಮುಂಚಿನದನ್ನು ಮಾತ್ರ ನೋಡಲು ಹೇಳಿ. ಹೀಗೆ ಮಾಡಿದಾಗ 220 ಹರ್ಟ್ಸ್‌ಗಿಂತ ಕೆಳಗಿನ ಗೆರೆಯನ್ನು ನಂಬಬಾರದು, ಮೇಲಿನದು ಸಾಚಾ. ಬೆಳಗಿನ ಜಾವ ತಾರಸಿಯ ಮೇಲೆ ಅಳೆದರೆ ಗೋಡೆಗಳ ತೊಂದರೆಯೂ ಇಲ್ಲ.

ಒಂದು ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. ಟ್ವೀಟರ್‌ನ ವೈರುಗಳನ್ನು ಬೇಕೆಂದೇ ಈಗಿರುವುದಕ್ಕೆ ಉಲ್ಟಾ, ಅಂದರೆ ಪ್ಲಸ್ ಮೈನಸ್ ಅದಲುಬದಲು ಮಾಡದೆ, ಕೂಡಿಸಿ ಅಳೆಯಿರಿ. 2800 ಹರ್ಟ್ಸ್ ಹತ್ತಿರ ಆಳವಾದ ಬಾವಿಯಂಥ ಹಳ್ಳ ಕಾಣಬೇಕು. ಹಳ್ಳ ಆಳವಾದಷ್ಟೂ, ಸರಿಯಾಗಿ ಕೂಡಿಸಿದಾಗ ಎರಡೂ ಚೆನ್ನಾಗಿ ಬೆರೆಯುತ್ತವೆ ಅಂತ ಅರ್ಥ. ಹಳ್ಳವೇ ಕಾಣದಿದ್ದರೆ ವೂಫರ್‌ಗೆ ಅಡ್ಡ ಹಾಕಿದ ಕೆಪಾಸಿಟರನ್ನು 3.55ರಿಂದ 4.7, 5.6, 6.8 ಅಂತ ಬದಲಿಸುತ್ತಾ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಬರೆದಿಡಿ.

ಮೈಕ್ ಇಲ್ಲವಾ? ಕಿವಿಯೂ ಆಗುತ್ತದೆ, ಆದರೆ ಸಮಯ ಜಾಸ್ತಿ ಬೇಕು. ಮೊದಲು ಒಬ್ಬರು ಮಾತಾಡುವ ಧ್ವನಿಮುದ್ರಣ ಹಾಕಿ, ರೇಡಿಯೊ ವಾರ್ತೆಯೂ ಸರಿ. ಎದೆಯಿಂದ ಬರುವ ದನಿ ಮೂಗಿನಿಂದ ಬಂದ ಹಾಗಿದ್ದರೆ ವೂಫರ್ ಕಾಯಿಲ್ ಇನ್ನೂ ದೊಡ್ಡದಾಗಬೇಕು. 'ಸ' ಅಕ್ಷರ ಚುಚ್ಚಿದರೆ ಟ್ವೀಟರ್‌ನ ಸರಣಿ ರೆಸಿಸ್ಟರ್ ಅರ್ಧ ಓಮ್ ಏರಿಸಿ. ಆಮೇಲೆ ಬರೀ ತಂಬೂರಿ ಹಾಕಿ. ಒಂದು ಮೀಟು ಮುಗಿಯುವ ತನಕ ಅದರ ಒಳಗಿನ ಸ್ವರಗಳು ಒಂದೊಂದಾಗಿ ಮೇಲಕ್ಕೆ ಕೆಳಕ್ಕೆ ಜಾರುವುದು ಕೇಳಬೇಕು. ನಡುವೆ ಎಲ್ಲಾದರೂ ತುಂಡಾದರೆ ಇನ್ನೂ ಕೆಲಸ ಬಾಕಿ ಇದೆ.

ಕೋಣೆಯಲ್ಲಿ

ನಮ್ಮ ಮನೆಗಳಲ್ಲಿ ನೆಲ ಟೈಲ್ಸ್ ಅಥವಾ ಗ್ರಾನೈಟ್, ಗೋಡೆ ಸಿಮೆಂಟ್. ಕೈ ಚಪ್ಪಾಳೆ ತಟ್ಟಿದರೆ ಗಿಲಕಿಯ ಹಾಗೆ ಸದ್ದು ತಿರುಗಿ ಬರುತ್ತದೆ. ಸ್ಪೀಕರ್ ಮತ್ತು ನಿಮ್ಮ ನಡುವೆ ಒಂದು ದಪ್ಪ ಜಮಖಾನೆ ಹಾಸಿ. ಪಕ್ಕದ ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಇನ್ನೂ ಒಳ್ಳೆಯದು. ಕೂತಾಗ ನಿಮ್ಮ ಕಿವಿಯ ಎತ್ತರಕ್ಕೆ ಟ್ವೀಟರ್ ಬರಲಿ, ಎರಡು ಸ್ಪೀಕರ್ ನಡುವಿನ ದೂರವೂ ನಿಮಗಿರುವ ದೂರವೂ ಹತ್ತಿರ ಹತ್ತಿರ ಒಂದೇ ಇರಲಿ. ಶೋಕೇಸಿನ ಒಳಗೆ ತೂರಿಸಿದರೆ ನಾವು ಅಷ್ಟು ಕಷ್ಟಪಟ್ಟು ಮಾಡಿದ ಅಗಲದ ಲೆಕ್ಕ ತಪ್ಪುತ್ತದೆ, ಬೇಸ್ ಗುಮ್ಮೆನ್ನುತ್ತದೆ. ಇಪ್ಪತ್ತು ಮೂವತ್ತು ವಾಟ್‌ನ ಆಂಪ್ಲಿಫೈಯರ್ ಸಾಕು.

ಸದ್ದು ತೃಪ್ತಿ ಆದ ಮೇಲೆ ಕ್ರಾಸ್‌ಓವರನ್ನು ಒಳಗೆ, ಹಿಂದಿನ ಹಲಗೆಗೆ, ಬಿಗಿಯಾಗಿ ಸ್ಕ್ರೂ ಮಾಡಿ. ಕೆಪಾಸಿಟರ್ ಅಲುಗದ ಹಾಗೆ ಟೈ ಹಾಕಿ. ಉಪ್ಪು ಕಾಗದ ಹಿಡಿದು, ವೆನೀರ್ ಅಥವಾ ಪಾಲಿಶ್, ನಿಮ್ಮಿಷ್ಟ. ಒಂದು ತಿಂಗಳಾದ ಮೇಲೆ ಡ್ರೈವರ್‌ಗಳ ಸ್ಕ್ರೂ ಮತ್ತೊಮ್ಮೆ ನೋಡಿ. ಕೆಳಗಿನ ಸ್ಪಂಜು ಅಷ್ಟರಲ್ಲಿ ಕುಗ್ಗಿರುತ್ತದೆ. ಎದುರುಬದುರಿನ ಸ್ಕ್ರೂಗಳನ್ನು ಕಾಲು ಸುತ್ತು ಬಿಗಿ ಮಾಡಿ, ವೂಫರನ್ನು ಒತ್ತಿ ಬಿಟ್ಟು ಗಾಳಿ ಪರೀಕ್ಷೆ ಇನ್ನೊಮ್ಮೆ ಮಾಡಿ.